ಅಬರ್ಡೀನ್‌ನಲ್ಲಿ ಚಳಿಗಾಲದ ಆರು ವಾರ: ಮಗಳ ಮನೆಗೆ ಹೋಗುವವರು ಏನೇನು ನೋಡಬಹುದು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಕಲಿಸಿ ನಿವೃತ್ತನಾದವನು. ಮಗಳು, ಅಳಿಯ ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿದ್ದಾರೆ. ಅಳಿಯನಿಗೆ ತೈಲ ಕಂಪನಿಯಲ್ಲಿ ಕೆಲಸ. ನಾನು ಮತ್ತು ನನ್ನ ಹೆಂಡತಿ ನವೆಂಬರ್ ಮೊದಲ ವಾರ ಹೋಗಿ ಡಿಸೆಂಬರ್ ನಡುವಿನವರೆಗೆ ಇರುತ್ತೇವೆ. ಅವರಿಬ್ಬರೂ ಕೆಲಸಕ್ಕೆ ಹೋದರೆ ಹಗಲೆಲ್ಲ ನಾವಿಬ್ಬರೇ. ಒಂಬತ್ತು ವರ್ಷದ ಮೊಮ್ಮಗನಿಗೆ ಶನಿವಾರ, ಭಾನುವಾರ ರಜೆ. ನನ್ನ ಹೆಂಡತಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಇಬ್ಬರೂ ಸಸ್ಯಾಹಾರಿಗಳು. "ಚಳಿಗಾಲದಲ್ಲಿ ಆ ಊರಲ್ಲಿ ನೋಡೋಕೆ ಏನೂ ಇಲ್ಲ, ಎಡಿನ್‌ಬರೋಗೆ ಹೋಗಿ" ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ? ಆರು ವಾರ ಕಳೆಯುವಷ್ಟು ಏನಾದರೂ ಇದೆಯೇ?

ಉತ್ತರ: ಮೇಷ್ಟ್ರೇ, ನಿಜವಲ್ಲ. ಎಡಿನ್‌ಬರೋಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಒಂದು ವಾರಾಂತ್ಯ ಎಲ್ಲರೂ ಸೇರಿ ಹೋಗಿ ಬನ್ನಿ, ಅದು ನೋಡಲೇಬೇಕಾದ ಊರು. ಆದರೆ ಉಳಿದ ದಿನಗಳಿಗೆ ಅಬರ್ಡೀನ್ ಧಾರಾಳವಾಗಿ ಸಾಕು. "ಏನೂ ಇಲ್ಲ" ಎನ್ನುವವರು ಹೆಚ್ಚಾಗಿ ಬೇಸಿಗೆಯ ಪಟ್ಟಿ ಹಿಡಿದು ಚಳಿಗಾಲದಲ್ಲಿ ಹೋದವರು. ಮಧ್ಯಾಹ್ನ ಮೂರು ಗಂಟೆಗೆ ಸಮುದ್ರದ ದಂಡೆಗೆ ಹೊರಡುತ್ತಾರೆ. ಅರ್ಧ ಗಂಟೆಯಲ್ಲಿ ಕತ್ತಲಾಗುತ್ತದೆ, ಗಾಳಿ ಕಿವಿ ಕೊರೆಯುತ್ತದೆ, ಬೇಸರ ಮಾಡಿಕೊಂಡು ವಾಪಸ್ ಬರುತ್ತಾರೆ. ನೀವು ಜಾಗಗಳ ಪಟ್ಟಿಗಿಂತ ಮೊದಲು ಬೆಳಕಿನ ಲೆಕ್ಕ ಹಾಕಿಕೊಳ್ಳಬೇಕು. ಅದು ಸರಿಹೋದರೆ ಮಿಕ್ಕದ್ದೆಲ್ಲ ಸರಿಹೋಗುತ್ತದೆ.

ಅಬರ್ಡೀನ್ ಇರುವುದು 57 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ನೀವು ಹೋಗಿ ಇಳಿಯುವ ಹೊತ್ತಿಗೆ ಬೆಳಗ್ಗೆ ಏಳೂವರೆಯ ಸುಮಾರಿಗೆ ಸೂರ್ಯ ಹುಟ್ಟಿ, ಸಂಜೆ ನಾಲ್ಕು ದಾಟುತ್ತಿದ್ದಂತೆ ಮುಳುಗುತ್ತಾನೆ. ಡಿಸೆಂಬರ್ ನಡುವಿಗೆ ಬಂದರೆ ಎಂಟೂವರೆ ಕಳೆದ ಮೇಲೆ ಬೆಳಗು, ಮೂರೂವರೆಗೆಲ್ಲ ಮುಳುಗು. ಆಗ ನಡುಹಗಲಲ್ಲೂ ಸೂರ್ಯ ಆಕಾಶದಲ್ಲಿ ಹತ್ತು ಡಿಗ್ರಿ ಎತ್ತರಕ್ಕೆ ಕೂಡ ಏರುವುದಿಲ್ಲ. ಹಾಗಾಗಿ ಹನ್ನೊಂದರಿಂದ ಎರಡು ಗಂಟೆವರೆಗಿನ ಹೊತ್ತನ್ನು ಬಯಲಿನ ಜಾಗಗಳಿಗೇ ಮೀಸಲಿಡಿ. ಬೆಳಗ್ಗೆ ಮನೆಯಲ್ಲಿ ನಿಧಾನವಾಗಿ ತಿಂಡಿ ಮುಗಿಸಿ. ಎರಡರ ನಂತರ ಮ್ಯೂಸಿಯಂ, ಗ್ಯಾಲರಿ, ಲೈಬ್ರರಿ. ಮಳೆಗೆ ಹೆದರಬೇಡಿ, ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಗೆ ಹೋಲಿಸಿದರೆ ಇಲ್ಲಿ ಮಳೆ ಕಡಿಮೆಯೇ. ಹೆದರಬೇಕಾದದ್ದು ಗಾಳಿಗೆ. ಉತ್ತರ ಸಮುದ್ರದಿಂದ ನೇರ ಬೀಸುವ ಗಾಳಿಗೆ ಛತ್ರಿ ನಿಲ್ಲುವುದಿಲ್ಲ. ಟೋಪಿ ಇರುವ, ಗಾಳಿ ತಡೆಯುವ ಜರ್ಕಿನ್ ಬೇಕು. ಅದನ್ನು ದಾವಣಗೆರೆಯಲ್ಲಿ ಕೊಳ್ಳಬೇಡಿ, ಅಲ್ಲಿಗೆ ಹೋದ ಮೇಲೆ ಮಗಳ ಜೊತೆ ಹೋಗಿ ಕೊಳ್ಳಿ.

ಮೊದಲು ನೋಡಬೇಕಾದ ಜಾಗ ಮ್ಯಾರಿಟೈಮ್ ಮ್ಯೂಸಿಯಂ. ಷಿಪ್‌ರೋ ಎಂಬ ಹಳೆಯ ಬೀದಿಯಲ್ಲಿದೆ, ಪ್ರವೇಶ ಉಚಿತ. ಇದನ್ನೇ ಮೊದಲು ಹೇಳುವುದಕ್ಕೆ ಕಾರಣವಿದೆ. ಇದನ್ನು ನೋಡದೆ ಊರು ಸುತ್ತಿದರೆ ಬೂದು ಬಣ್ಣದ ಕಟ್ಟಡಗಳು, ದೊಡ್ಡ ದೊಡ್ಡ ಹಡಗುಗಳು ಕಾಣುತ್ತವೆ ಅಷ್ಟೆ. ನೋಡಿ ಬಂದಮೇಲೆ ಸುತ್ತಿದರೆ ಆ ಹಡಗು ಎಲ್ಲಿಗೆ ಹೊರಟಿದೆ, ಏನು ಹೊತ್ತಿದೆ ಎಂದು ತಿಳಿಯುತ್ತದೆ. ಅಬರ್ಡೀನ್ ಪ್ರವಾಸಿಗರಿಗಾಗಿ ಸಿಂಗರಿಸಿಕೊಂಡ ಊರಲ್ಲ, ದುಡಿಯುವ ಬಂದರು. ಇದರ ಬಂದರು ಮಂಡಳಿ 1136ರಲ್ಲಿ ಹುಟ್ಟಿತು. ಬ್ರಿಟನ್ನಿನಲ್ಲಿ ಇಂದಿಗೂ ನಡೆಯುತ್ತಿರುವ ಅತಿ ಹಳೆಯ ವ್ಯವಹಾರ ಸಂಸ್ಥೆ ಅದೇ ಎಂದು ಹೇಳುತ್ತಾರೆ. ಇತಿಹಾಸದ ಮೇಷ್ಟ್ರಿಗೆ ಆ ಇಸವಿ ಸಾಕು ಅಲ್ವಾ?

ಮ್ಯೂಸಿಯಂ ಒಳಗೆ ಮೂರು ಕಾಲ ಒಟ್ಟಿಗೆ ಸೇರಿವೆ. 1593ರ ಪ್ರೊವೊಸ್ಟ್ (ಅಂದರೆ ನಗರದ ಮೇಯರ್) ರಾಸ್ ಮನೆ, ಹಳೆಯ ಚರ್ಚ್, ಅವೆರಡನ್ನು ಕೂಡಿಸುವ ಗಾಜಿನ ಹೊಸ ಕಟ್ಟಡ. ಹೊಸ ಭಾಗದ ನಡುವೆ ಮರ್ಚಿಸನ್ ಎಂಬ ತೈಲ ವೇದಿಕೆಯ ಮಾದರಿ ನಿಂತಿದೆ. ಮಾದರಿಯ ಎತ್ತರವೇ 8.5 ಮೀಟರ್. ಒಂದೊಂದು ಮಹಡಿಗೂ ಹೋದಂತೆ ಅದರ ಬೇರೆ ಬೇರೆ ಭಾಗ ಕಣ್ಣಿಗೆ ಬೀಳುತ್ತದೆ. ಕೆಳಗೆ ಸಮುದ್ರದ ತಳಕ್ಕೆ ಊರಿದ ಉಕ್ಕಿನ ಕಾಲುಗಳು, ಮೇಲೆ ಕೊರೆಯುವ ಯಂತ್ರ, ಜನ ಮಲಗುವ ಕೋಣೆಗಳು, ಹೆಲಿಕಾಪ್ಟರ್ ಇಳಿಯುವ ಜಾಗ. ನಿಜವಾದ ಮರ್ಚಿಸನ್ ವೇದಿಕೆಯ ಮೇಲ್ಭಾಗವನ್ನು ಈಗ ಕಳಚಿ ತೆಗೆದಾಗಿದೆ. ಲಿಫ್ಟ್ ಇದೆ, ನಿಮ್ಮ ಮನೆಯವರಿಗೆ ತೊಂದರೆಯಾಗದು. ಹಳೆಯ ಮನೆಯ ಭಾಗದಲ್ಲಿ ಮಾತ್ರ ಸ್ವಲ್ಪ ನೋಡಿಕೊಂಡು ಹೆಜ್ಜೆ ಇಡಬೇಕು. ಷಿಪ್‌ರೋ ಬೀದಿ ಇಳಿಜಾರು, ಕಲ್ಲು ಹಾಸಿದ್ದು. ಮೇಲಿನ ತುದಿಯಿಂದ ಬಂದರೆ ಏರುವ ಕಷ್ಟ ತಪ್ಪುತ್ತದೆ.

ಒಂದು ಸಲಹೆ. ಮೊದಲ ಸಲ ನೀವಿಬ್ಬರೇ ಹೋಗಿ ಬನ್ನಿ. ಎರಡನೇ ಸಲ ಭಾನುವಾರ ಅಳಿಯನನ್ನು ಕರೆದುಕೊಂಡು ಹೋಗಿ, ಅವರ ಕೆಲಸ ಏನು ಎಂದು ಆ ಮಾದರಿಯ ಮುಂದೆ ನಿಂತು ಕೇಳಿ. ತೈಲ ಕಂಪನಿಯಲ್ಲಿ ಮಗಳನ್ನೋ ಅಳಿಯನನ್ನೋ ಇಟ್ಟುಕೊಂಡ ಎಷ್ಟೋ ತಂದೆತಾಯಿಗಳಿಗೆ ಆ ಕೆಲಸ ಏನೆಂದೇ ಗೊತ್ತಿರುವುದಿಲ್ಲ. ಫೋನಿನಲ್ಲಿ ವಿವರಿಸಲು ಆಗದ್ದನ್ನು ಅಲ್ಲಿ ಬೆರಳಿಟ್ಟು ತೋರಿಸಬಹುದು. ಮೊಮ್ಮಗನೂ ಕಿವಿಗೊಡುತ್ತಾನೆ.

ಅಬರ್ಡೀನ್‌ನ ಪೂರ್ವಕ್ಕೆ ಸುಮಾರು 110 ಮೈಲಿ ದೂರದ ಸಮುದ್ರದಲ್ಲಿ ಫೋರ್ಟೀಸ್ ತೈಲ ನಿಕ್ಷೇಪ ಸಿಕ್ಕಿದ್ದು 1970ರಲ್ಲಿ. 1975ರಲ್ಲಿ ಅಲ್ಲಿಂದ ತೈಲ ಹರಿಯಿತು. ಮೀನು, ಗ್ರಾನೈಟ್, ಹಡಗು ಕಟ್ಟುವ ಕೆಲಸಗಳಿಂದ ಬದುಕಿದ್ದ ಊರು ಕೆಲವೇ ವರ್ಷಗಳಲ್ಲಿ ಬೇರೆಯೇ ಆಯಿತು. ಅದಕ್ಕೆ ಬೆಲೆಯನ್ನೂ ತೆತ್ತಿತು. 1988ರ ಜುಲೈ 6ರ ರಾತ್ರಿ ಪೈಪರ್ ಆಲ್ಫಾ ವೇದಿಕೆ ಹೊತ್ತಿ ಉರಿದು 167 ಜನ ಸತ್ತರು. ಬದುಕಿ ಬಂದವರು 61 ಜನ. ನ್ಯಾಯಾಧೀಶ ಲಾರ್ಡ್ ಕಲನ್ ನಡೆಸಿದ ವಿಚಾರಣೆ 1990ರಲ್ಲಿ 106 ಶಿಫಾರಸುಗಳನ್ನು ಕೊಟ್ಟಿತು. ಸಮುದ್ರದಲ್ಲಿ ಕೆಲಸ ಮಾಡುವವರ ಸುರಕ್ಷತೆಯ ನಿಯಮಗಳು ಆಮೇಲೆ ಬದಲಾದವು. ಆ 167 ಜನರ ಸ್ಮಾರಕ ಊರಿನ ಪಶ್ಚಿಮಕ್ಕಿರುವ ಹೇಝಲ್‌ಹೆಡ್ ಪಾರ್ಕಿನ ಗುಲಾಬಿ ತೋಟದಲ್ಲಿದೆ. ಮೂರು ಕಂಚಿನ ಕೆಲಸಗಾರರ ಪ್ರತಿಮೆ, 1991ರಲ್ಲಿ ಅನಾವರಣವಾಯಿತು. ಚಳಿಗಾಲದಲ್ಲಿ ಗುಲಾಬಿ ಇರುವುದಿಲ್ಲ. ಆದರೂ ಹೋಗಿ ಬನ್ನಿ. ನಿಮ್ಮ ಮನೆಯವರೊಬ್ಬರು ಅದೇ ಉದ್ಯಮದ ಅನ್ನ ತಿನ್ನುತ್ತಿರುವಾಗ ಆ ಹೆಸರುಗಳ ಮುಂದೆ ಒಂದು ನಿಮಿಷ ನಿಲ್ಲಬೇಕು ಎಂದು ನನಗೆ ಅನ್ನಿಸುತ್ತದೆ.

ಈಗ ನಿಮ್ಮ ಮನೆಯವರಿಗೆ ಖಂಡಿತ ಹಿಡಿಸುವ ಜಾಗ. ಡೀ ನದಿಯ ದಡದ ಡ್ಯೂಥಿ ಪಾರ್ಕಿನಲ್ಲಿ ಡೇವಿಡ್ ವೆಲ್ಚ್ ವಿಂಟರ್ ಗಾರ್ಡನ್ಸ್ ಎಂಬ ಗಾಜಿನ ಮನೆಗಳಿವೆ. ಯುರೋಪಿನ ದೊಡ್ಡ ಒಳಾಂಗಣ ತೋಟಗಳಲ್ಲಿ ಇದೂ ಒಂದು. ಪ್ರವೇಶಕ್ಕೆ ದುಡ್ಡಿಲ್ಲ. ಎಲಿಜಬೆತ್ ಡ್ಯೂಥಿ ಎಂಬ ಮಹಿಳೆ ಜಾಗ ಕೊಂಡು ಊರಿಗೆ ದಾನ ಕೊಟ್ಟರು. 1883ರಲ್ಲಿ ಪಾರ್ಕ್ ತೆರೆಯಿತು. ಹಳೆಯ ಗಾಜಿನ ಮನೆ 1969ರ ಬಿರುಗಾಳಿಗೆ ಹಾಳಾಯಿತು, ಮರುವರ್ಷವೇ ಹೊಸದು ಎದ್ದಿತು. ಹೊರಗೆ ಎರಡು ಮೂರು ಡಿಗ್ರಿ ಚಳಿ ಇದ್ದಾಗ ಒಳಗೆ ಕಾಲಿಟ್ಟರೆ ಜರೀಗಿಡ, ಆರ್ಕಿಡ್, ಬಿಸಿ ನಾಡಿನ ಅಗಲ ಎಲೆಯ ಗಿಡಗಳು. ಇನ್ನೊಂದು ಕೋಣೆಯ ತುಂಬ ಬಗೆಬಗೆಯ ಪಾಪಾಸುಕಳ್ಳಿ. ನೆಲ ಸಮತಟ್ಟು, ಅಲ್ಲಲ್ಲಿ ಬೆಂಚುಗಳಿವೆ. ವಾರಕ್ಕೊಂದು ಸಲ ಹೋದರೂ ಬೇಸರವಾಗದು. ಆರು ವಾರ ಹಸಿರು ಕಾಣದೆ ಮನೆಯೊಳಗೇ ಕುಳಿತರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಮನಸ್ಸು ಕುಗ್ಗುತ್ತದೆ. ಮಕ್ಕಳ ಮನೆಗೆ ಹೋಗಿ ಬಂದ ತುಂಬ ಜನ ತಾಯಂದಿರು ಇದನ್ನು ನನಗೆ ಹೇಳಿದ್ದಾರೆ. ಆದ್ದರಿಂದ ಇದನ್ನು ಸುಮ್ನೆ ಒಂದು ಪಾರ್ಕ್ ಎಂದು ಬದಿಗಿಡಬೇಡಿ.

ಅದೇ ಪಾರ್ಕಿನ ಪಕ್ಕದಿಂದ ಡೀಸೈಡ್ ವೇ ಎಂಬ ನಡೆದಾರಿ ಶುರುವಾಗುತ್ತದೆ. 1966ರಲ್ಲಿ ಪ್ರಯಾಣಿಕರ ರೈಲು ನಿಂತುಹೋದ ಹಳೆಯ ಹಳಿಯ ಜಾಡು ಅದು. ರೈಲಿನ ದಾರಿ ಆದ್ದರಿಂದ ಏರುಪೇರು ಕಡಿಮೆ, ಮಂಡಿಗೆ ಒಳ್ಳೆಯದು. ಪೂರ್ತಿ ದಾರಿ ಬಲಟರ್ ಎಂಬ ಊರಿನ ತನಕ 41 ಮೈಲಿ ಇದೆ. ನಿಮಗೆ ಅರ್ಧ ಮೈಲಿ ಹೋಗಿ ತಿರುಗಿದರೆ ಸಾಕು.

ಸಮುದ್ರದ ದಂಡೆಗೆ ಬಿಸಿಲಿರುವ, ಗಾಳಿ ಕಡಿಮೆ ಇರುವ ದಿನ ಆರಿಸಿಕೊಳ್ಳಿ. ಬಂದರಿನ ಬಾಯಿಂದ ಡಾನ್ ನದಿ ಸಮುದ್ರ ಸೇರುವ ತನಕ ಸುಮಾರು ಎರಡು ಮೈಲಿ ಉದ್ದದ ಎಸ್ಪ್ಲನೇಡ್ ಇದೆ. ಅಗಲವಾದ, ಸಮತಟ್ಟಾದ ದಾರಿ. ಅಲ್ಲಿಂದ ಸಮುದ್ರದಲ್ಲಿ ನಿಂತ 11 ಗಾಳಿಯಂತ್ರಗಳು ಕಾಣುತ್ತವೆ, ರೆಕ್ಕೆಯ ತುದಿಯವರೆಗೆ 191 ಮೀಟರ್ ಎತ್ತರ. 2018ರಿಂದ ವಿದ್ಯುತ್ ಕೊಡುತ್ತಿವೆ. ಬೀಚ್ ಬಾಲ್‌ರೂಮ್ ಎಂಬ ಕಟ್ಟಡವೂ ಇದೇ ದಂಡೆಯಲ್ಲಿದೆ, 1929ರದ್ದು. ಅದರ ಎಂಟು ಮೂಲೆಯ ನೃತ್ಯದ ನೆಲ ಉಕ್ಕಿನ ಸ್ಪ್ರಿಂಗ್‌ಗಳ ಮೇಲೆ ಕೂತಿದೆ. ಕುಣಿಯುವವರ ಕಾಲಿಗೆ ನೋವಾಗದಿರಲಿ ಎಂದು ಮಾಡಿದ್ದು. 1963ರ ಜನವರಿಯಲ್ಲಿ, ಇನ್ನೂ ಹೆಸರು ಮಾಡುವ ಮೊದಲು, ಬೀಟಲ್ಸ್ ಹುಡುಗರು ಇಲ್ಲಿ ಹಾಡಿದ್ದರು.

ದಂಡೆಯ ದಕ್ಷಿಣದ ತುದಿಯಲ್ಲಿ ಫುಟ್‌ಡೀ ಇದೆ, ಊರಿನವರು ಫಿಟ್ಟಿ ಎನ್ನುತ್ತಾರೆ. ಇಡೀ ಅಬರ್ಡೀನ್‌ನಲ್ಲಿ ನನಗೆ ತುಂಬ ಇಷ್ಟವಾದ ಮೂಲೆ ಇದು. ಬಂದರು ಬೆಳೆಯುತ್ತಿದ್ದಾಗ ಮೀನುಗಾರರಿಗೆಂದು ನಗರದ ವಾಸ್ತುಶಿಲ್ಪಿ ಜಾನ್ ಸ್ಮಿತ್ 1808-09ರಲ್ಲಿ ಹಾಕಿದ ನಕ್ಷೆ. ಸಾಲು ಮನೆಗಳು ಸಮುದ್ರಕ್ಕೆ ಬೆನ್ನು ಕೊಟ್ಟು, ನಡುವಿನ ಅಂಗಳಕ್ಕೆ ಮುಖ ಮಾಡಿ ಕೂತಿವೆ, ನಮ್ಮ ವಠಾರದ ಹಾಗೆ. ಗಾಳಿ ಗೋಡೆಗೆ ಬಡಿದು ನಿಲ್ಲುತ್ತದೆ, ಅಂಗಳದಲ್ಲಿ ಬದುಕು ನಡೆಯುತ್ತದೆ. ಮನೆಗಳ ಎದುರು ಬಲೆ, ಹಗ್ಗ ಇಡುತ್ತಿದ್ದ ಸಣ್ಣ ಸಣ್ಣ ಶೆಡ್‌ಗಳಿವೆ. ಈಗ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬಣ್ಣ ಹಚ್ಚಿ, ತೇಲಿಬಂದ ಮರ, ಚಿಪ್ಪು, ಗೊಂಬೆ ಇಟ್ಟು ಸಿಂಗರಿಸಿದ್ದಾರೆ. ಇವು ಜನ ವಾಸವಿರುವ ಮನೆಗಳು ಎನ್ನುವುದನ್ನು ಮರೆಯಬಾರದು. ಕಿಟಕಿಯೊಳಗೆ ಇಣುಕುವುದು, ಹೊಸ್ತಿಲ ಮೇಲೆ ನಿಂತು ಫೋಟೊ ತೆಗೆಯುವುದು ಬೇಡ. ಮೆಲ್ಲಗೆ ಮಾತಾಡಿಕೊಂಡು ಒಂದು ಸುತ್ತು ಬನ್ನಿ.

ಫಿಟ್ಟಿಯ ಪಕ್ಕದಲ್ಲೇ ಬಂದರಿನ ಬಾಯಿ. ಹಡಗುಗಳು ಅಲ್ಲಿ ತುಂಬ ಹತ್ತಿರದಿಂದ ಹಾದುಹೋಗುತ್ತವೆ. ಸಂಜೆ ಷೆಟ್ಲೆಂಡ್ ದ್ವೀಪಕ್ಕೆ ಹೋಗುವ ದೊಡ್ಡ ಫೆರ್ರಿ ಹೊರಡುತ್ತದೆ, ರಾತ್ರಿಯಿಡೀ ಚಲಿಸಿ ಮರುದಿನ ಬೆಳಗ್ಗೆ ಲರ್ವಿಕ್ ಮುಟ್ಟುತ್ತದೆ. ಒಂದು ಸಂಜೆ ಅಳಿಯನ ಕಾರಿನಲ್ಲಿ ಹೋಗಿ, ದೀಪ ಹಚ್ಚಿಕೊಂಡ ಹಡಗು ಕತ್ತಲ ಸಮುದ್ರಕ್ಕೆ ಇಳಿಯುವುದನ್ನು ಮೊಮ್ಮಗನಿಗೆ ತೋರಿಸಿ. ಬಂದರಿನ ಆಚೆ ದಡದಲ್ಲಿ ಟೋರಿ ಬ್ಯಾಟರಿ ಎಂಬ 1860ರ ಕೋಟೆಯ ಅವಶೇಷವಿದೆ. ಬಾಟಲ್‌ನೋಸ್ ಡಾಲ್ಫಿನ್‌ಗಳನ್ನು ದಂಡೆಯಿಂದಲೇ ನೋಡಲು ಹೆಸರಾದ ಜಾಗ ಅದು. ವಸಂತ, ಬೇಸಿಗೆಯಲ್ಲಿ ಕಾಣುವುದು ಜಾಸ್ತಿ, ಚಳಿಗಾಲದಲ್ಲೂ ಆಗಾಗ ಬರುತ್ತವೆ. 2022ರಲ್ಲಿ ಗ್ರೇಹೋಪ್ ಬೇ ಎಂಬ ಪುಟ್ಟ ಕೇಂದ್ರ, ಕೆಫೆ ಅಲ್ಲಿ ತೆರೆದಿದೆ. ಗಾಜಿನ ಹಿಂದೆ ಬೆಚ್ಚಗೆ ಕುಳಿತು ಸಮುದ್ರ ನೋಡಬಹುದು. ಡಾಲ್ಫಿನ್ ಕಂಡೇ ಕಾಣುತ್ತದೆ ಎಂದು ಮೊಮ್ಮಗನಿಗೆ ಮಾತು ಕೊಡಬೇಡಿ, ಅಷ್ಟೆ. ಹತ್ತಿರದ ಗರ್ಡಲ್ ನೆಸ್ ದೀಪಸ್ತಂಭ 1833ರದ್ದು, ರಾಬರ್ಟ್ ಸ್ಟೀವನ್‌ಸನ್ ಕಟ್ಟಿದ್ದು.

ಊರಿನ ನಡುಭಾಗಕ್ಕೆ ಬರೋಣ. ಬೂದು ಬಣ್ಣದ ಬಗ್ಗೆ ನಿಮಗೆ ಎಲ್ಲರೂ ದೂರು ಹೇಳಿರುತ್ತಾರೆ. ಆ ಕಲ್ಲು ಬಹುಪಾಲು ಬಂದದ್ದು ಊರಿನೊಳಗೇ ಇರುವ ರೂಬಿಸ್ಲಾ ಗಣಿಯಿಂದ. 1740ರ ಸುಮಾರಿಗೆ ಶುರುವಾಗಿ 1971ರಲ್ಲಿ ನಿಂತಿತು. ಸುಮಾರು 140 ಮೀಟರ್ ಆಳದ ಆ ಗುಂಡಿಯಲ್ಲಿ ಈಗ ನೀರು ತುಂಬಿದೆ. ಮಳೆ ನಿಂತು ಬಿಸಿಲು ಬಿದ್ದಾಗ ಕಲ್ಲಿನೊಳಗಿನ ಅಭ್ರಕ ಮಿಂಚುತ್ತದೆ, ಗೋಡೆಗಳೆಲ್ಲ ಬೆಳ್ಳಿಯಾಗುತ್ತವೆ. ಚಳಿಗಾಲದ ಓರೆ ಬಿಸಿಲಲ್ಲಿ ಇದು ಇನ್ನೂ ಚೆನ್ನ. ಬ್ರಾಡ್ ಸ್ಟ್ರೀಟಿನ ಮಾರ್ಷಲ್ ಕಾಲೇಜಿನ ಮುಂದೆ ನಿಂತು ನೋಡಿ. ಸ್ಪೇನಿನ ಮ್ಯಾಡ್ರಿಡ್ ಬಳಿಯ ಎಸ್ಕೋರಿಯಲ್ ಅರಮನೆ ಬಿಟ್ಟರೆ ಜಗತ್ತಿನ ಅತಿ ದೊಡ್ಡ ಗ್ರಾನೈಟ್ ಕಟ್ಟಡ ಇದು ಎಂದು ಹೆಸರು. ಮುಂಭಾಗ 1906ರಲ್ಲಿ ಮುಗಿಯಿತು. ಗಟ್ಟಿ ಕಲ್ಲಿನಲ್ಲಿ ಅಷ್ಟು ತೆಳ್ಳಗಿನ ಶಿಖರಗಳನ್ನು ಕಡೆದವರ ಕೈಗೆ ನಮಸ್ಕಾರ ಹೇಳಬೇಕು. ಈಗ ಅದು ನಗರ ಪಾಲಿಕೆಯ ಕಚೇರಿ. ಎದುರಿಗೇ 1545ರಷ್ಟು ಹಳೆಯ ಪ್ರೊವೊಸ್ಟ್ ಸ್ಕೀನ್ ಮನೆ, ಉಚಿತ. ಅದರ ಚಿತ್ರ ಬರೆದ ಚಾವಣಿ ಚೆನ್ನಾಗಿದೆ, ಆದರೆ ಹಳೆಯ ಮನೆ, ಮೆಟ್ಟಿಲಿವೆ. ಒಳಗೆ ಹೋಗುವ ಮೊದಲು ಲಿಫ್ಟ್ ಎಲ್ಲಿಯವರೆಗಿದೆ ಎಂದು ಕೇಳಿಕೊಳ್ಳಿ.

ಸಂಜೆಯ ಹೊತ್ತಿಗೆ ಎಲ್ಲಕ್ಕಿಂತ ಒಳ್ಳೆಯ ಆಸರೆ ಸ್ಕೂಲ್‌ಹಿಲ್‌ನ ಅಬರ್ಡೀನ್ ಆರ್ಟ್ ಗ್ಯಾಲರಿ. 1885ರಲ್ಲಿ ತೆರೆದದ್ದು. ದೊಡ್ಡ ದುರಸ್ತಿಯ ನಂತರ 2019ರ ನವೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಮರುವರ್ಷ ಬ್ರಿಟನ್ನಿನ ವರ್ಷದ ಮ್ಯೂಸಿಯಂ ಪ್ರಶಸ್ತಿ ಹಂಚಿಕೊಂಡ ಐದರಲ್ಲಿ ಇದೂ ಒಂದು. ಉಚಿತ, ಲಿಫ್ಟ್ ಇದೆ, ಬೆಚ್ಚಗಿದೆ, ಕೂರಲು ಜಾಗವಿದೆ. ಒಂದೇ ಸಲ ಎಲ್ಲ ಕೋಣೆ ಮುಗಿಸುವ ಹಟ ಬೇಡ. ನಿಮಗೆ ಆರು ವಾರವಿದೆ, ಒಂದು ಸಲಕ್ಕೆ ಎರಡು ಕೋಣೆ ಸಾಕು. ಪಕ್ಕದ ಕೌಡ್ರೇ ಹಾಲ್‌ನಲ್ಲಿ ಮಧ್ಯಾಹ್ನದ ಸಂಗೀತ ಕಾರ್ಯಕ್ರಮಗಳು ನಡೆಯುವುದುಂಟು, ವಿಚಾರಿಸಿ. ಅಲ್ಲಿಂದ ಐದು ನಿಮಿಷ ನಡೆದರೆ ಸೆಂಟ್ರಲ್ ಲೈಬ್ರರಿ. 1892ರಲ್ಲಿ ಆಂಡ್ರ್ಯೂ ಕಾರ್ನೆಗಿ ಉದ್ಘಾಟಿಸಿದ್ದು. ಓದುವ ಹವ್ಯಾಸದ ಮೇಷ್ಟ್ರಿಗೆ ಒಳಗೆ ಕೂತು ಪತ್ರಿಕೆ, ಪುಸ್ತಕ ನೋಡಲು ಯಾರೂ ಏನೂ ಕೇಳುವುದಿಲ್ಲ. ಲೈಬ್ರರಿ, ಚರ್ಚ್, ನಾಟಕಶಾಲೆ ಮೂರೂ ಒಂದೇ ಸಾಲಿನಲ್ಲಿವೆ. ಎದುರಿನ ತಗ್ಗಿನಲ್ಲಿ 2022ರ ಕೊನೆಯಲ್ಲಿ ಹೊಸದಾಗಿ ತೆರೆದ ಯೂನಿಯನ್ ಟೆರೇಸ್ ಗಾರ್ಡನ್ಸ್ ಇದೆ.

ಇನ್ನು ಒಂದು ಜಾಗವನ್ನು ನಿಮಗೆಂದೇ ಹೇಳುತ್ತಿದ್ದೇನೆ. ವ್ಯೂಫೀಲ್ಡ್ ರಸ್ತೆಯಲ್ಲಿ ಗಾರ್ಡನ್ ಹೈಲ್ಯಾಂಡರ್ಸ್ ಮ್ಯೂಸಿಯಂ ಇದೆ. ಗಾರ್ಡನ್ ಹೈಲ್ಯಾಂಡರ್ಸ್ ಎಂದರೆ ಈ ಭಾಗದ ಹಳ್ಳಿಗಳಿಂದ ಆರಿಸಿದ ಸೈನಿಕರ ದಳ, 1794ರಲ್ಲಿ ಶುರುವಾದದ್ದು. 1881ರಲ್ಲಿ ಈ ದಳದ ಜೊತೆ 75ನೇ ರೆಜಿಮೆಂಟನ್ನು ಸೇರಿಸಿದರು. ಆ 75ನೇ ರೆಜಿಮೆಂಟ್ 1787ರಲ್ಲಿ ಇಂಡಿಯಾದ ಯುದ್ಧಗಳಿಗೆಂದೇ ಕಟ್ಟಿದ ಪಡೆ. ಮೂರನೇ ಮತ್ತು ನಾಲ್ಕನೇ ಮೈಸೂರು ಯುದ್ಧ ಎರಡರಲ್ಲೂ ಇತ್ತು. 1799ರಲ್ಲಿ ಬಾಂಬೆ ಸೇನೆಯ ಜೊತೆ ಕಣ್ಣೂರಿನಿಂದ ಹೊರಟು, ಕೊಡಗು ದಾಟಿ ಶ್ರೀರಂಗಪಟ್ಟಣಕ್ಕೆ ಬಂದಿತ್ತು. ಮೇ 4ರಂದು ಟಿಪ್ಪು ಬಿದ್ದ ದಿನದ ಮುತ್ತಿಗೆಯಲ್ಲಿ ಆ ಪಡೆಯೂ ಇತ್ತು. ಅದಕ್ಕಾಗಿಯೇ ಗಾರ್ಡನ್ ಹೈಲ್ಯಾಂಡರ್ಸ್‌ನ ಯುದ್ಧಗೌರವಗಳ ಪಟ್ಟಿಯಲ್ಲಿ ಮೊದಲ ಎರಡು ಹೆಸರು ಮೈಸೂರು, ಶ್ರೀರಂಗಪಟ್ಟಣ. ಅವರ ಲಾಂಛನಗಳಲ್ಲಿ ಇಂಡಿಯಾ ಎಂದು ಬರೆದ ಹುಲಿ ಒಂದಿದೆ, ಅದೂ 75ನೇ ರೆಜಿಮೆಂಟಿನಿಂದ ಬಂದದ್ದು.

ನಲವತ್ತು ಮಕ್ಕಳ ಮುಂದೆ ನಿಂತು ವರ್ಷವರ್ಷವೂ ಆ ಯುದ್ಧದ ಪಾಠ ಮಾಡಿದವರು ನೀವು. ಉತ್ತರ ಸಮುದ್ರದ ಪಕ್ಕದ ಊರಲ್ಲಿ, ಗೆದ್ದವರ ಮನೆಯಲ್ಲಿ, ನಮ್ಮ ಊರಿನ ಹೆಸರು ಓದುವಾಗ ಮನಸ್ಸಿಗೆ ಏನೋ ಆಗುತ್ತದೆ. ನನಗೂ ಆಗಿತ್ತು. ಅಲ್ಲಿನ ಸ್ವಯಂಸೇವಕರಲ್ಲಿ ಹಳೆಯ ಸೈನಿಕರೂ ಇದ್ದಾರೆ, ಕೇಳಿದರೆ ಪ್ರೀತಿಯಿಂದ ಮಾತಾಡುತ್ತಾರೆ. ನಾನು ಶ್ರೀರಂಗಪಟ್ಟಣದ ಕಡೆಯ ರಾಜ್ಯದವನು ಎಂದು ಹೇಳಿಕೊಳ್ಳಿ, ಮಾತು ಬೆಳೆಯುತ್ತದೆ. ಈ ಮ್ಯೂಸಿಯಂಗೆ ಟಿಕೆಟ್ ಇದೆ. ನಡುಚಳಿಗಾಲದಲ್ಲಿ ಕೆಲವು ವಾರ ಮುಚ್ಚುವ ರೂಢಿಯೂ ಇದೆ. ಡಿಸೆಂಬರ್‌ಗೆ ಕಾಯದೆ ನವೆಂಬರ್‌ನಲ್ಲೇ ಹೋಗಿಬಿಡಿ.

ಹಳೆ ಅಬರ್ಡೀನ್ ಬಸ್ಸಿನಲ್ಲಿ ಹತ್ತು ಹದಿನೈದು ನಿಮಿಷದ ದಾರಿ, ಬೇರೆಯೇ ಊರು. ಕಿಂಗ್ಸ್ ಕಾಲೇಜನ್ನು ಬಿಷಪ್ ಎಲ್ಫಿನ್‌ಸ್ಟನ್ 1495ರಲ್ಲಿ ಸ್ಥಾಪಿಸಿದರು. ಅದರ ಗೋಪುರದ ಮೇಲಿನ ಕಲ್ಲಿನ ಕಿರೀಟ 1633ರ ಬಿರುಗಾಳಿಗೆ ಬಿದ್ದು, ಮತ್ತೆ ಕಟ್ಟಿದ್ದು. ಅಲ್ಲಿಂದ ಸೇಂಟ್ ಮಾಕರ್ ಕೆಥೆಡ್ರಲ್ ತನಕ ಮೆಲ್ಲಗೆ ನಡೆಯಿರಿ. ಒಳಗೆ ತಲೆಯೆತ್ತಿ ನೋಡಿದರೆ ಸುಮಾರು 1520ರ ಓಕ್ ಮರದ ಚಾವಣಿ. ಅದರ ಮೇಲೆ ಯುರೋಪಿನ ರಾಜರ, ಪೋಪನ, ಸ್ಕಾಟ್ಲೆಂಡಿನ ಧಣಿಗಳ 48 ಲಾಂಛನಗಳು. ಆ ಕಾಲದ ಯುರೋಪಿನ ರಾಜಕೀಯವನ್ನು ಒಂದೇ ಚಾವಣಿಯಲ್ಲಿ ಓದಬಹುದು. ಬೀದಿಯಲ್ಲಿ ಉರುಟು ಕಲ್ಲುಗಳಿವೆ, ನಿಮ್ಮ ಮನೆಯವರು ದಪ್ಪ ಅಡಿಯ ಶೂ ಹಾಕಿಕೊಳ್ಳಲಿ. ಕಾಲು ಸೋತರೆ ವಿಶ್ವವಿದ್ಯಾಲಯದ ಸರ್ ಡಂಕನ್ ರೈಸ್ ಲೈಬ್ರರಿಯ ಕೆಳಮಹಡಿಯಲ್ಲಿ ಕೂತು ಕಾಫಿ ಕುಡಿಯಬಹುದು.

ಮೊಮ್ಮಗನ ಶನಿವಾರ, ಭಾನುವಾರಗಳಿಗೆ ಮೊದಲ ಆಯ್ಕೆ ಅಬರ್ಡೀನ್ ಸೈನ್ಸ್ ಸೆಂಟರ್. ಹಳೆಯ ಟ್ರಾಮ್ ಡಿಪೋ ಕಟ್ಟಡದಲ್ಲಿದೆ, 2020ರಲ್ಲಿ ಪೂರ್ತಿ ಹೊಸದಾಯಿತು. ಮುಟ್ಟಬೇಡಿ ಎನ್ನುವ ಬೋರ್ಡ್ ಇಲ್ಲ, ಎಲ್ಲವನ್ನೂ ಮುಟ್ಟಿ, ತಿರುಗಿಸಿ, ಒತ್ತಿ ನೋಡುವುದೇ ಅಲ್ಲಿನ ಕೆಲಸ. ಮೂರು ಗಂಟೆ ಸುಲಭವಾಗಿ ಕಳೆಯುತ್ತದೆ. ಸಮುದ್ರದ ದಂಡೆಯ ಕೊಡೋನಾಸ್ ಅಮ್ಯೂಸ್‌ಮೆಂಟ್ ಪಾರ್ಕಿನ ಹೊರಗಿನ ಆಟಗಳು ಚಳಿಗಾಲದಲ್ಲಿ ಬಹುಪಾಲು ನಿಂತಿರುತ್ತವೆ. ಒಳಗಿನ ಬೌಲಿಂಗ್ ಮೊದಲಾದವು ನಡೆಯುತ್ತವೆ, ಆದರೆ ಕಾಸು ಬೇಗ ಕರಗುತ್ತದೆ. ಒಂದು ಸಲಕ್ಕೆ ಸಾಕು. ಹುಡುಗನಿಗೆ ಫುಟ್‌ಬಾಲ್ ಇಷ್ಟವಿದ್ದರೆ ಅದೇ ದಂಡೆಯ ಹತ್ತಿರದ ಪಿಟೋಡ್ರಿ ಕ್ರೀಡಾಂಗಣದಲ್ಲಿ ಒಂದು ಪಂದ್ಯ ತೋರಿಸಿ. ಅಬರ್ಡೀನ್ ತಂಡ 1983ರಲ್ಲಿ ಅಲೆಕ್ಸ್ ಫರ್ಗುಸನ್ ತರಬೇತಿಯಲ್ಲಿ ರಿಯಲ್ ಮ್ಯಾಡ್ರಿಡ್‌ ತಂಡವನ್ನು ಸೋಲಿಸಿ ಯುರೋಪಿಯನ್ ಕಪ್ ವಿನ್ನರ್ಸ್ ಕಪ್ ಗೆದ್ದಿತ್ತು, ಊರಿನವರು ಈಗಲೂ ಅದನ್ನು ನೆನೆಸಿಕೊಳ್ಳುತ್ತಾರೆ. ನಿಮ್ಮ ಮನೆಯವರು ಮಾತ್ರ ಮನೆಯಲ್ಲೇ ಇರಲಿ, ಅಲ್ಲಿ ಎರಡು ಗಂಟೆ ಚಳಿಯಲ್ಲಿ ಕೂರುವುದು ಅವರಿಗೆ ಬೇಡ.

ಊರಿನ ಹೊರಗೆ ಒಂದೇ ಜಾಗ ನೋಡಲು ಸಾಧ್ಯವಾದರೆ ಡನಾಟರ್ ಕೋಟೆಗೆ ಹೋಗಿ. ದಕ್ಷಿಣಕ್ಕೆ ಸುಮಾರು 15 ಮೈಲಿ, ಸ್ಟೋನ್‌ಹೇವನ್ ಊರಿನ ಬಳಿ. ಮೂರು ಕಡೆ ಸಮುದ್ರವಿರುವ ಬಂಡೆಯ ಮೇಲಿದೆ. 1651-52ರಲ್ಲಿ ಇಂಗ್ಲೆಂಡಿನ ಕ್ರಾಮ್‌ವೆಲ್ ಸೇನೆ ಮುತ್ತಿದಾಗ ಸ್ಕಾಟ್ಲೆಂಡಿನ ರಾಜಕಿರೀಟ, ಖಡ್ಗ, ರಾಜದಂಡವನ್ನು ಇಲ್ಲಿ ಅಡಗಿಸಿಟ್ಟಿದ್ದರು. ಕೋಟೆ ಬೀಳುವ ಮೊದಲೇ ಅವನ್ನು ಗುಟ್ಟಾಗಿ ಸಾಗಿಸಿ ಹತ್ತಿರದ ಕಿನೆಫ್ ಹಳ್ಳಿಯ ಚರ್ಚಿನಲ್ಲಿ ಹೂತರು. ಕೋಟೆಯೊಳಗೆ ಹೋಗಲು ತುಂಬ ಮೆಟ್ಟಿಲು ಇಳಿದು ಹತ್ತಬೇಕು. ನಿಮ್ಮ ಮನೆಯವರು ಈಚೆ ದಡದ ಮೇಲಿನಿಂದಲೇ ನೋಡಲಿ. ನಿಜ ಹೇಳಬೇಕೆಂದರೆ ಕೋಟೆ ಚೆನ್ನಾಗಿ ಕಾಣುವುದೇ ಅಲ್ಲಿಂದ. ಗಾಳಿ ಜೋರಿದ್ದರೆ ಗೇಟು ಮುಚ್ಚುತ್ತಾರೆ, ಹೊರಡುವ ಮುನ್ನ ನೋಡಿಕೊಳ್ಳಿ. ಕಾರಿದ್ದರೆ ಇನ್ನೊಂದು ದಿನ ಉತ್ತರಕ್ಕೆ ನ್ಯೂಬರ್ಗ್‌ಗೆ ಹೋಗಿ. ಐಥನ್ ನದಿ ಸಮುದ್ರ ಸೇರುವಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳು ಗುಂಪುಗುಂಪಾಗಿ ಮರಳ ಮೇಲೆ ಬಿದ್ದಿರುತ್ತವೆ. ದೂರದಿಂದ ನೋಡಬೇಕು, ಹತ್ತಿರ ಹೋದರೆ ಹೆದರಿ ನೀರಿಗೆ ಧುಮುಕುತ್ತವೆ. ಕ್ರೇಥಿಸ್, ಕ್ರೇಗಿವಾರ್, ಬಾಲ್ಮೋರಲ್ ಎಂದು ಬೇರೆ ಕೋಟೆಗಳ ಹೆಸರನ್ನೂ ಜನ ಹೇಳುತ್ತಾರೆ. ಚಳಿಗಾಲದಲ್ಲಿ ಅವುಗಳಲ್ಲಿ ಬಹಳಷ್ಟು ಪೂರ್ತಿ ಮುಚ್ಚಿರುತ್ತವೆ ಅಥವಾ ಕೆಲವೇ ದಿನ ತೆರೆದಿರುತ್ತವೆ. ಅವನ್ನು ಬೇಸಿಗೆಗೆ ಬಿಡಿ.

ಊಟದ ವಿಷಯದಲ್ಲಿ ಕೇಳದೆ ತಿನ್ನಬೇಡಿ. ಬಟರಿ ಅಥವಾ ರೋವಿ ಎಂಬ ಉಪ್ಪುಪ್ಪಾದ ಚಪ್ಪಟೆ ಬನ್ ಈ ಊರಿನ ಹೆಮ್ಮೆ. ನೋಡಲು ಏನೂ ಅನುಮಾನ ಬರುವುದಿಲ್ಲ, ಆದರೆ ಸಾಂಪ್ರದಾಯಿಕವಾಗಿ ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ. ಬೇಳೆ ಸೂಪನ್ನು ಹಲವು ಕಡೆ ಹಂದಿ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ಮೀನಂಗಡಿಯ ಆಲೂಗಡ್ಡೆ ಚಿಪ್ಸ್ ದನದ ಕೊಬ್ಬಿನಲ್ಲಿ ಕರಿದಿರಬಹುದು. "ಇದು ವೆಜಿಟೇರಿಯನ್ನಾ?" ಎಂದು ಕೇಳಿದರೆ ಅಲ್ಲಿ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಸರಿಯಾಗಿ ನೋಡಿ ಹೇಳುತ್ತಾರೆ. ಬೇಯಿಸಿದ ಇಡೀ ಆಲೂಗಡ್ಡೆಗೆ ಚೀಸ್ ಅಥವಾ ಬೀನ್ಸ್ ಹಾಕಿ ಕೊಡುವುದು ಮ್ಯೂಸಿಯಂ ಕೆಫೆಗಳಲ್ಲಿ ಸಾಮಾನ್ಯ. ಹ್ಯಾಗಿಸ್ ಎಂಬುದು ಸ್ಕಾಟ್ಲೆಂಡಿನ ಹೆಸರಾದ ಮಾಂಸದ ತಿನಿಸು, ಅದನ್ನೇ ತರಕಾರಿ, ಕಾಳು, ಓಟ್ಸ್‌ನಿಂದ ಮಾಡಿದ ಸಸ್ಯಾಹಾರಿ ಬಗೆಯೂ ಸಿಗುತ್ತದೆ. ಮೆಣಸಿನ ಖಾರ ಇರುತ್ತದೆ, ನಿಮಗೆ ಹಿಡಿಸಬಹುದು.

ಬಸ್ಸಿನ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡಿನಲ್ಲಿ ವಾಸವಿರುವ 22 ವರ್ಷದೊಳಗಿನವರಿಗೆ 2022ರಿಂದ ಬಸ್ ಪ್ರಯಾಣ ಉಚಿತ. ನಿಮ್ಮ ಮೊಮ್ಮಗನಿಗೂ ಕಾರ್ಡ್ ಸಿಗುತ್ತದೆ, ಇನ್ನೂ ಮಾಡಿಸಿಲ್ಲದಿದ್ದರೆ ಮಗಳಿಗೆ ಹೇಳಿ. 60 ದಾಟಿದವರಿಗೂ ಉಚಿತ ಎಂದು ಯಾರಾದರೂ ಹೇಳಬಹುದು. ಅದು ಅಲ್ಲಿನ ನಿವಾಸಿಗಳಿಗೆ ಮಾತ್ರ, ವೀಸಾದ ಮೇಲೆ ಹೋದ ನಿಮಗೆ ಅನ್ವಯಿಸದು. ಎರಡು ಮೂರು ಕಡೆ ಹೋಗುವ ದಿನ ಇಡೀ ದಿನದ ಟಿಕೆಟ್ ತೆಗೆದುಕೊಂಡರೆ ಉಳಿತಾಯ. ಮ್ಯೂಸಿಯಂಗಳ ಬಾಗಿಲು ತೆರೆಯುವ ದಿನ, ಹೊತ್ತು ಆಗಾಗ ಬದಲಾಗುತ್ತವೆ. ಹಿಂದಿನ ರಾತ್ರಿ ಫೋನಿನಲ್ಲಿ ನೋಡಿ ಮಲಗಿ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಹಿಸ್ ಮೆಜೆಸ್ಟೀಸ್ ಥಿಯೇಟರ್‌ನಲ್ಲಿ ಪ್ರತಿವರ್ಷ ಕ್ರಿಸ್‌ಮಸ್ ಹೊತ್ತಿಗೆ ಪ್ಯಾಂಟೊಮೈಮ್ ನಡೆಯುತ್ತದೆ. ಹಾಡು, ಕುಣಿತ, ತಮಾಷೆ ತುಂಬಿದ ಕುಟುಂಬದ ನಾಟಕ ಅದು. ಮಕ್ಕಳು ಕೂತಲ್ಲಿಂದಲೇ ಖಳನಾಯಕನಿಗೆ ಕೂಗು ಹಾಕುತ್ತಾರೆ, ನಟರು ತಿರುಗಿ ಉತ್ತರ ಕೊಡುತ್ತಾರೆ. ಮಾತು ಪೂರ್ತಿ ತಿಳಿಯದಿದ್ದರೂ ಖುಷಿಗೆ ಕೊರತೆಯಿಲ್ಲ. 1906ರ ಆ ರಂಗಮಂದಿರದ ಒಳಗನ್ನು ನೋಡುವುದಕ್ಕೂ ಅದೊಂದು ನೆಪ. ವಾರಾಂತ್ಯದ ಟಿಕೆಟ್ ಬೇಗ ಮುಗಿದುಹೋಗುತ್ತವೆ. ಡಿಸೆಂಬರ್ ಮೊದಲ ಅಥವಾ ಎರಡನೇ ಶನಿವಾರದ ಮಧ್ಯಾಹ್ನದ ಆಟಕ್ಕೆ ಐದು ಸೀಟು ಕಾದಿರಿಸಲು ಮಗಳಿಗೆ ಹೇಳಿ. ಕೆಳಗಿನ ಅಂತಸ್ತಿನಲ್ಲಿ, ಸಾಲಿನ ಕೊನೆಯ ಸೀಟು ಕೇಳಲಿ, ಅಮ್ಮನವರಿಗೆ ಕಾಲು ಚಾಚಲು ಆಗುತ್ತದೆ.